ಸತ್ತ ಕುದುರೆಯ ಬಾಲಕ್ಕೂ ಬೆಲೆ: ಭಟ್ಕಳದಿಂದ ಹಂಪಿಗೆ

ಪ್ರಶ್ನೆ: ನಮ್ಮೂರು ಗಂಗಾವತಿ. ಮನೆಗೆ ನೆಂಟರು ಬಂದರೆ ಆನೆಗೊಂದಿ, ಹಂಪಿ ತೋರಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಹೋದ ಸಲ ಹಜಾರರಾಮ ಗುಡಿಯ ಗೋಡೆಯ ಮೇಲಿನ ಕುದುರೆ ಸಾಲು ತೋರಿಸಿ, ಇವು ಅರಬ್ ದೇಶದಿಂದ ಹಡಗಿನಲ್ಲಿ ಬರುತ್ತಿದ್ದವು ಅಂದೆ. ಅಕ್ಕನ ಮಗಳು, ಏಳನೇ ಕ್ಲಾಸು, ‘ಮಾಮ, ಇಲ್ಲಿ ಸಮುದ್ರ ಎಲ್ಲೈತಿ?’ ಅಂದಳು. ನನ್ನ ಬಾಯಿ ಕಟ್ಟಿತು. ವಿಜಯನಗರಕ್ಕೆ 300 ಬಂದರು ಇದ್ದವೆಂದು ಓದಿದ ನೆನಪು. ನಿಜವೇ? ಲಾರಿ, ರೈಲು ಇಲ್ಲದ ಕಾಲದಲ್ಲಿ ಬಂದರಿನಿಂದ ಸರಕು ಇಲ್ಲಿಗೆ ಹೇಗೆ ಬರುತ್ತಿತ್ತು? ಬಂದರು ಅಂದರೆ ಹಡಗು ನಿಲ್ಲುವ ಜಾಗ ತಾನೆ, ಅದಕ್ಕಾಗಿ ರಾಜರು ಯಾಕೆ ಅಷ್ಟು ಬಡಿದಾಡಿದರು?

ಉತ್ತರ: ನಿಮ್ಮ ಅಕ್ಕನ ಮಗಳಿಂದಲೇ ಶುರು ಮಾಡೋಣ. ಹಂಪಿಯಿಂದ ಭಟ್ಕಳಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 250 ಕಿ.ಮೀ. ಆದರೆ ಎತ್ತು ಗೆರೆ ಹಿಡಿದು ನಡೆಯುವುದಿಲ್ಲ. ನೀರು, ಮೇವು, ಘಟ್ಟದ ಇಳಿಜಾರು ನೋಡಿಕೊಂಡು ಬಳಸಿ ಬಳಸಿ ಹೋದರೆ ದಾರಿ 300 ದಾಟುತ್ತದೆ. ಹೇರು ಹೊತ್ತ ಎತ್ತು ದಿನಕ್ಕೆ 15 ಕಿ.ಮೀ. ನಡೆಯಿತು ಅಂತ ಹಿಡಿದರೂ ಮೂರು ವಾರಕ್ಕೆ ಕಡಿಮೆಯಿಲ್ಲ. ನಮ್ಮ ತುಂಗಭದ್ರೆಯೋ ಸಾಗಣೆಗೆ ಕೈಕೊಟ್ಟ ಹೊಳೆ. ಅದು ಹರಿಯುವುದು ಪಡುವಣ ಕಡಲಿನ ಕಡೆಗಲ್ಲ, ಮೂಡಣಕ್ಕೆ. ಅದರಲ್ಲೂ ಹಂಪಿಯ ಸುತ್ತ ಬರೀ ಬಂಡೆ. ನಿಮ್ಮೂರವರು ಹೊಳೆ ದಾಟುತ್ತಿದ್ದ ಹರಿಗೋಲನ್ನು 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಕೂಡ ಇಲ್ಲಿ ನೋಡಿದ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, 15-20 ಜನ ಕೂರಬಹುದು, ಹುಟ್ಟು ಹಾಕಿದರೆ ಗಿರಗಿರ ತಿರುಗುತ್ತಲೇ ಸಾಗುತ್ತದೆ ಎಂದು ಬರೆದಿಟ್ಟ. ಹರಿಗೋಲು ಹೊಳೆ ದಾಟಿಸುತ್ತದೆ, ಊರಿಂದೂರಿಗೆ ಸರಕು ಒಯ್ಯುವುದಿಲ್ಲ. ಹಾಗಾಗಿ ಹಂಪಿಗೆ ಬಂದದ್ದೆಲ್ಲ ಕಾಲ್ನಡಿಗೆಯಲ್ಲೇ ಬಂತು, ಮನುಷ್ಯನ ಕಾಲು ಇಲ್ಲವೇ ಎತ್ತಿನ ಕಾಲು.

300ರ ಲೆಕ್ಕಕ್ಕೆ ಬರುತ್ತೇನೆ. ಅದನ್ನು ಹೇಳಿದವನು ಅಬ್ದುರ್ ರಜಾಕ್. ಈಗಿನ ಅಫ್ಘಾನಿಸ್ತಾನದ ಹೆರಾತಿನಲ್ಲಿ ಆಳುತ್ತಿದ್ದ, ತೈಮೂರನ ವಂಶದ ದೊರೆ ಶಾರುಖ್‌ನ ರಾಯಭಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಬಂದವನು. ಈ ರಾಜನಿಗೆ ಕಲ್ಲಿಕೋಟೆಯಂಥ ಬಂದರು 300 ಇವೆ ಎಂದ. ನನ್ನ ಕೇಳಿದರೆ ಇದು ರಾಯಭಾರಿಯ ಮಾತು, ಸುಂಕದ ಕಟ್ಟೆಯ ಲೆಕ್ಕವಲ್ಲ. ದೋಣಿ ಹಚ್ಚುವ ಪ್ರತಿ ರೇವನ್ನೂ ಎಣಿಸಿದರೆ ಸಂಖ್ಯೆ ದೊಡ್ಡದಾದೀತು, ಆದರೆ ಕಲ್ಲಿಕೋಟೆಗೆ ಸಮ ನಿಲ್ಲುವಂಥವು ಬೆರಳೆಣಿಕೆಯವು. ನಮ್ಮ ಕರಾವಳಿಯಲ್ಲಿ ಮಂಗಳೂರು, ಬಾರ್ಕೂರು, ಬಸ್ರೂರು, ಭಟ್ಕಳ, ಹೊನ್ನಾವರ ಮುಖ್ಯವಾದವು. ಬಾರ್ಕೂರು, ಮಂಗಳೂರು ಆ ಕಾಲದಲ್ಲಿ ‘ರಾಜ್ಯ’ಗಳೇ, ಅಂದರೆ ಪ್ರಾಂತ್ಯದ ಕೇಂದ್ರಗಳು. ಇವೆಲ್ಲ ಹೊಳೆಯ ಬಾಯಲ್ಲಿ ಇಲ್ಲವೇ ಹೊಳೆಯೊಳಗೆ ಸ್ವಲ್ಪ ದೂರದಲ್ಲಿ ಇದ್ದವು. ಭಟ್ಕಳದ ಶರಾಬಿ ಹೊಳೆ ನೋಡಿದವರು ಇಷ್ಟು ಸಣ್ಣ ಹೊಳೆಗೆ ಇಷ್ಟು ದೊಡ್ಡ ಹೆಸರೇ ಎಂದು ಅಚ್ಚರಿಪಡುತ್ತಾರೆ. ದೊಡ್ಡ ಹಡಗು ಆಚೆ ಆಳದಲ್ಲಿ ನಿಲ್ಲುವುದು, ಸಣ್ಣ ದೋಣಿಗಳು ಮರಳುದಿನ್ನೆ ದಾಟಿಸಿ ಸರಕನ್ನು ಒಳಗೆ ತರುವುದು, ಇದೇ ಪದ್ಧತಿ.

ಈಗ ನಿಮ್ಮ ಪ್ರಶ್ನೆಯ ಗಂಟು. ಬಂದರು ಹಡಗು ನಿಲ್ಲುವ ಜಾಗ ಎಂದಿರಿ. ನಾನು ಹೇಳುವುದಾದರೆ ಅದು ಸರಕು ಕಾಯುವ ಜಾಗ. ನೀವು ಗಂಗಾವತಿಯವರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಗ್ಗಿಯಲ್ಲಿ ಭತ್ತ ಒಮ್ಮೆಲೇ ಪೇಟೆಗೆ ನುಗ್ಗುತ್ತದೆ, ಮಿಲ್ಲಿನ ಹಲ್ಲು ತನ್ನ ವೇಗದಲ್ಲೇ ಅರೆಯುತ್ತದೆ. ನಡುವೆ ಗೋದಾಮು ಬೇಕು, ದಲಾಲಿ ಅಂಗಡಿ ಬೇಕು, ತೂಕದವನು, ಹಮಾಲರು, ಮುಂಗಡ ಕೊಡುವ ಸಾಹುಕಾರ ಬೇಕು. ಬಂದರು ಅಂಥದ್ದೇ ಪೇಟೆ. ಅಲ್ಲಿ ಸುಗ್ಗಿ ಕಟ್ಟುವುದು ಗಾಳಿ.

ಅರಬ್ಬಿ ಸಮುದ್ರದಲ್ಲಿ ಗಾಳಿ ಅರ್ಧ ವರ್ಷ ಒಂದು ಕಡೆಗೆ ಬೀಸಿ ಇನ್ನರ್ಧ ವರ್ಷ ತಿರುಗಿ ಬೀಸುತ್ತದೆ. ‘ಮಾನ್ಸೂನ್’ ಎಂಬ ಮಾತೇ ಕಾಲ, ಋತು ಎನ್ನುವ ಅರಬ್ಬಿಯ ‘ಮೌಸಿಮ್’ನಿಂದ ಬಂದದ್ದು. ಮುಂಗಾರು ಬಲವಾಗಿರುವ ಜೂನ್‌ನಿಂದ ಆಗಸ್ಟ್‌ವರೆಗೆ ಪಡುಗಡಲಿನ ರೇವುಗಳು ಮುಚ್ಚಿದಂತೆಯೇ. ಅಬ್ಬರ ಇಳಿದ ಮೇಲೆ ಅರಬ್ ನಾಡಿನ ಏಡನ್, ಪರ್ಷಿಯಾ ಕೊಲ್ಲಿಯ ಬಾಯಲ್ಲಿನ ಹೊರ್ಮುಜ್ ಕಡೆಯ ಹಡಗುಗಳು ಬರುತ್ತವೆ, ಚಳಿಗಾಲದ ಗಾಳಿ ಹಿಡಿದು ಮರಳುತ್ತವೆ. ಕಾಲ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ರಜಾಕ್‌ನೇ ಸಾಕ್ಷಿ. ಹೊರ್ಮುಜ್‌ನಲ್ಲಿ ತಡವಾಗಿ ಹದವಾದ ಗಾಳಿಯ ಕಾಲ ಕಳೆದುಹೋಯಿತು. ಜನ, ಕುದುರೆ ಒಂದೇ ಹಡಗಿನಲ್ಲಿ ಹಿಡಿಸದೆ ಬೇರೆ ಬೇರೆ ಹಡಗಿಗೆ ಹಂಚಿದರು. ಸಮುದ್ರ ಕಂಡು ದಿಗಿಲುಬಿದ್ದ ಈ ಒಣನಾಡಿನ ಮನುಷ್ಯ ಮಸ್ಕತ್ ಬಳಿ ಇಳಿದು, ಸೆಕೆಗೆ ಕಾಯಿಲೆ ಬಿದ್ದು, ಮುಂದಿನ ಗಾಳಿಗೆ ಕಾದ.

ಇತ್ತ ನೆಲದ ಮೇಲೆ ಎತ್ತಿಗೂ ಅದರದೇ ಪಂಚಾಂಗ. ಮಳೆಯಲ್ಲಿ ಘಟ್ಟ ಹತ್ತಲಾಗದು. ಹತ್ತಿದರೂ ನಮ್ಮ ಕಡೆಯ ಎರೆ ನೆಲ ಕಾಲು ಕಿತ್ತಿಡಲು ಬಿಡದು. ಬೇಸಿಗೆ ಬಲಿತರೆ ದಾರಿಯಲ್ಲಿ ಮೇವಿಲ್ಲ, ಕೆರೆಯಲ್ಲಿ ನೀರಿಲ್ಲ. ದೀಪಾವಳಿ ಕಳೆದ ಮೇಲಿನ ಮೂರ್ನಾಲ್ಕು ತಿಂಗಳೇ ಹದವಾದ ಹೊತ್ತು. ಹಡಗಿನ ಪಂಚಾಂಗವೂ ಎತ್ತಿನ ಪಂಚಾಂಗವೂ ಕೂಡುವುದು ಕಡಿಮೆ, ತಪ್ಪುವುದೇ ಹೆಚ್ಚು. ಆ ನಡುವಿನ ಹೊತ್ತನ್ನು ಹೊತ್ತು ನಿಲ್ಲುವುದೇ ಬಂದರಿನ ಕಸುಬು.

ಕಾಲದಂತೆ ಅಳತೆಯೂ ಹೊಂದುತ್ತಿರಲಿಲ್ಲ. ಭಟ್ಕಳಕ್ಕೆ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಬರುತ್ತವೆ, 20-30 ಎತ್ತಿಗೆ ಒಬ್ಬನಂತೆ ಆಳು ಹೊಡೆದುಕೊಂಡು ಹೋಗುತ್ತಾನೆ ಎಂದು ಪಾಯಸ್ ಹೇಳುತ್ತಾನೆ. ಬೆನ್ನಿನ ಎರಡೂ ಕಡೆ ಇಳಿಬಿಟ್ಟ ಗೋಣಿ, ಒಟ್ಟು ಒಂದು ಕ್ವಿಂಟಾಲ್ ಅಂತಿಟ್ಟುಕೊಳ್ಳಿ. ಐದು ಸಾವಿರ ಎತ್ತು ಸೇರಿ ಹೊತ್ತದ್ದು 500 ಟನ್. ಇವತ್ತಿನ 16 ಟನ್ನಿನ ಅದಿರು ಲಾರಿಗೆ ಹಾಕಿದರೆ ಮೂವತ್ತೆರಡು ಲಾರಿಯೂ ತುಂಬುವುದಿಲ್ಲ. ಅದಿರಿನ ಸುಗ್ಗಿಯ ವರ್ಷಗಳಲ್ಲಿ ಹೊಸಪೇಟೆ ರಸ್ತೆಯಲ್ಲಿ ಚಹಾ ಕುಡಿಯುತ್ತಾ ಕೂತರೆ ಅಷ್ಟು ಲಾರಿ ಕಣ್ಣ ಮುಂದೆ ಹೋಗುತ್ತಿದ್ದವು. ಅಷ್ಟೇ ತೂಕಕ್ಕೆ ಆಗ ಐದು ಸಾವಿರ ಎತ್ತು, ಇನ್ನೂರು ಆಳು, ಮೂರು ವಾರದ ಮೇವು.

ಬಯಲುಸೀಮೆಯಲ್ಲಿ ಬಂಡಿ ಇರಲಿಲ್ಲವೆಂದಲ್ಲ. ರಾಯಚೂರು ಕೋಟೆಗೆ ಹೋದಾಗ ಗೋಡೆಯ ಆ ಉದ್ದನೆಯ ಕಲ್ಲನ್ನು ಹುಡುಕಿ ನೋಡಿ. 1294ರ ಶಾಸನವಿರುವ, 40 ಅಡಿ ಮೀರಿದ ಒಂದೇ ಕಲ್ಲು. ಅದನ್ನು ಗಾಲಿಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಕಟ್ಟಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಗೋಡೆಯಲ್ಲಿ ಬಿಡಿಸಿದ್ದಾರೆ. ಹಿಂದಿನಿಂದ ಸನ್ನೆಗೋಲು ಹಾಕಿ ಮೀಟುವವರೂ ಇದ್ದಾರೆ. ಬಯಲಿನಲ್ಲಿ ಇಂಥ ಸಾಹಸವೂ ನಡೆಯಿತು. ಘಟ್ಟದಲ್ಲಿ ಬಂಡಿಯ ಆಟ ನಡೆಯದು. ಹಳೆಯ ಸುಂಕದ ಶಾಸನಗಳಲ್ಲಿ ಎತ್ತಿನ ಹೇರು, ಕತ್ತೆಯ ಹೇರು, ತಲೆಹೊರೆ ಎಂದು ಬೇರೆ ಬೇರೆ ದರ ಬರೆದದ್ದು ಅದಕ್ಕೇ. ಆ ಕಾಲದ ಸಾಗಣೆಯ ಮೂಲಮಾನ ಹೇರು.

ಇದರಿಂದ ಒಂದು ವಿಚಿತ್ರ ಫಲ ಹೊರಟಿತು. 16ನೇ ಶತಮಾನದ ಮೊದಲಲ್ಲಿ ಬಾರ್ಬೊಸ ಎಂಬ ಪೋರ್ಚುಗೀಸ ಭಟ್ಕಳದ ಬಗ್ಗೆ ಬರೆಯುವಾಗ, ಹೊರ್ಮುಜ್ ಹಡಗುಗಳು ಕುದುರೆ, ಮುತ್ತು ತಂದು ಬಿಳಿ ಅಕ್ಕಿ, ಸಕ್ಕರೆ ಪುಡಿ, ಕಬ್ಬಿಣ ತುಂಬಿಕೊಂಡು ಹೋಗುತ್ತವೆ ಎನ್ನುತ್ತಾನೆ. ಹೊರ್ಮುಜ್ ಹುಲ್ಲುಕಡ್ಡಿ ಬೆಳೆಯದ ದ್ವೀಪ, ಕುಡಿಯುವ ನೀರನ್ನೂ ಹೊರಗಿನಿಂದ ತರಬೇಕು. ಅಲ್ಲಿಯವರ ತಟ್ಟೆಗೆ ಕರಾವಳಿಯ ಅಕ್ಕಿ ಬಿತ್ತು. ಘಟ್ಟದ ಮೇಲಿನ ಹಂಪಿಗೆ ಆ ಅಕ್ಕಿ ಬರುವುದು ಕಷ್ಟ. ಬಂದರೆ ಹೊತ್ತು ತಂದ ಕೂಲಿಯೇ ಅಕ್ಕಿಯ ಬೆಲೆಯನ್ನು ನುಂಗುತ್ತದೆ. ಖರ್ಚಿನ ಲೆಕ್ಕದಲ್ಲಿ ಭಟ್ಕಳಕ್ಕೆ ಹಂಪಿಗಿಂತ ಹೊರ್ಮುಜ್ ಹತ್ತಿರ! ಹಂಪಿ ಉಂಡದ್ದು ತುಂಗಭದ್ರೆಯ ಕಾಲುವೆಗಳ ಭತ್ತವನ್ನು. ನಿಮ್ಮ ಆನೆಗೊಂದಿ ಕಡೆಯ ಗದ್ದೆಗಳಿಗೆ, ಆಚೆ ದಡದ ತುರ್ತು ಕಾಲುವೆಯ ಬಯಲಿಗೆ ಇಂದಿಗೂ ಅದೇ ಏರ್ಪಾಟಿನ ನೀರು ಹೋಗುತ್ತದೆ. ಕಡಲಿನಿಂದ ಇಲ್ಲಿಗೆ ಹೊತ್ತು ತಂದದ್ದು ಹವಳ, ಪಾದರಸ, ಕರ್ಪೂರ, ರೇಷ್ಮೆ, ತಾಮ್ರ ಇಂಥವನ್ನೇ. ಹಂಪಿಯ ಉತ್ಖನನದಲ್ಲಿ ಚೀನಾ ಪಿಂಗಾಣಿಯ ಚೂರುಗಳೂ ಸಿಕ್ಕಿವೆ. ಒಡೆಯುವ ಬೋಗುಣಿಯನ್ನು ಎತ್ತಿನ ಬೆನ್ನ ಮೇಲೆ ಘಟ್ಟ ಹತ್ತಿಸಿದವನ ತಾಳ್ಮೆ ನೆನೆಸಿಕೊಳ್ಳಿ.

ಕುದುರೆ ಮಾತ್ರ ಈ ಲೆಕ್ಕಕ್ಕೆ ಹೊರಗು. ಅದು ತಾನೇ ನಡೆದು ಬರುವ ಸರಕು. ನೆಲದ ಮೇಲೆ ಅಗ್ಗ, ಸಮುದ್ರದ ಮೇಲೆ ದುಬಾರಿ. ಒಂದು ಕುದುರೆಗೆ ದಿನಕ್ಕೆ 30 ಲೀಟರ್ ನೀರು ಹಿಡಿಯಿರಿ. 50 ಕುದುರೆ, 20 ದಿನದ ಪಯಣ ಎಂದರೆ 30,000 ಲೀಟರ್. ಬೇಸಿಗೆಯಲ್ಲಿ ನಿಮ್ಮ ಓಣಿಗೆ ಬರುವ ಹತ್ತು ಸಾವಿರ ಲೀಟರಿನ ಟ್ಯಾಂಕರ್ ಮೂರನ್ನು ತೆಂಗಿನ ಹುರಿಯಿಂದ ಹಲಗೆ ಹೊಲಿದ ಮರದ ಹಡಗಿನೊಳಗೆ ಊಹಿಸಿಕೊಳ್ಳಿ, ಹುಲ್ಲು ಬೇರೆ. ಅಲೆಯ ಹೊಯ್ದಾಟಕ್ಕೆ ಕಾಲು ಮುರಿದವು, ಸತ್ತವು ಎಷ್ಟೋ.

ಇಲ್ಲಿಗೆ ಬಾಲದ ಕಥೆ ಬರುತ್ತದೆ. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಫೆರ್ನಾವೊ ನ್ಯೂನಿಜ್ 1535ರ ಸುಮಾರಿಗೆ ಬರೆದದ್ದು. ವಿಜಯನಗರದ ದೊರೆ ಸಾಳುವ ನರಸಿಂಹ ಹೊರ್ಮುಜ್, ಏಡನ್‌ಗಳಿಂದ ಕುದುರೆ ತರಿಸುತ್ತಿದ್ದ. ವ್ಯಾಪಾರಿ ಕೇಳಿದ ಬೆಲೆ ಕೊಡುತ್ತಿದ್ದ, ಸಾವಿರ ಪರ್ದಾವಿಗೆ ಮೂರು ಕುದುರೆ. ಪರ್ದಾವ್ ಎಂದರೆ ನಮ್ಮ ವರಹಕ್ಕೆ ಪೋರ್ಚುಗೀಸರ ಹೆಸರು. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಎಣಿಸುತ್ತಿದ್ದ. ಮೊದಲು ಓದಿದಾಗ ಇದು ರಾಜನ ದರ್ಪದಂತೆ ಕಂಡಿತ್ತು ನನಗೆ. ಈಗ ಹಾಗನ್ನಿಸುವುದಿಲ್ಲ. ವಿಮೆ ಕಂಪನಿ ಇಲ್ಲದ ಕಾಲದಲ್ಲಿ ಕಡಲಿನ ನಷ್ಟವನ್ನು ಕೊಳ್ಳುವವನೇ ತಲೆಗೆ ಹಾಕಿಕೊಂಡರೆ ಹಡಗು ಯಾವ ರೇವಿಗೆ ಬಂದೀತು, ಪಕ್ಕದ ಬಹಮನಿ ರೇವಿಗೋ ಇವನ ರೇವಿಗೋ? ರಾಜ ಕುದುರೆಯ ಜೊತೆಗೆ ವ್ಯಾಪಾರಿಯ ದಾರಿಯನ್ನೂ ಕೊಳ್ಳುತ್ತಿದ್ದ. ಇದೇ ನ್ಯೂನಿಜ್, ರಾಜ ಹೊರ್ಮುಜಿನವೂ ನಾಡತಳಿಯವೂ ಸೇರಿ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಾನೆ ಎಂದೂ ಹೇಳುತ್ತಾನೆ. ಕುದುರೆ ಮಾರುವವನು ಹೇಳಿದ ಕುದುರೆ ಲೆಕ್ಕ, ಸ್ವಲ್ಪ ಕಳೆದೇ ನಂಬಬೇಕು.

ಬಂದರು ನಿಂತಿದ್ದೇ ಇಂಥ ಭರವಸೆಯ ಮೇಲೆ. ಕಲ್ಲಿಕೋಟೆಯಲ್ಲಿ ವ್ಯಾಪಾರಿಗಳು ಸರಕು ಇಳಿಸಿ ಬೀದಿಯಲ್ಲೇ ಬಿಟ್ಟು ಹೋಗುತ್ತಾರೆ, ಕಾಯುವ ಹೊಣೆ ಸುಂಕದವರದು, ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ, ಮಾರದಿದ್ದರೆ ಏನೂ ಇಲ್ಲ ಎಂದು ರಜಾಕ್ ಬೆರಗಾಗಿ ಬರೆದ. ಗಾಳಿಗೆ ದಿಕ್ಕು ತಪ್ಪಿ ಬಂದ ಹಡಗನ್ನು ದೇವರು ಕೊಟ್ಟದ್ದೆಂದು ಬೇರೆ ಕಡೆ ಕಿತ್ತುಕೊಳ್ಳುತ್ತಾರೆ, ಇಲ್ಲಿ ಹಾಗಿಲ್ಲ ಎಂದೂ ಸೇರಿಸಿದ. ಮೂಡಣ ಕರಾವಳಿಯ ಮೋಟುಪಲ್ಲಿಯಲ್ಲಿ ಕಾಕತೀಯ ಗಣಪತಿದೇವ 1244ರಲ್ಲೇ ಇದರ ಬಗ್ಗೆ ಅಭಯಶಾಸನ ಹಾಕಿಸಿದ್ದ. ಹಿಂದಿನ ರಾಜರು ದಡಕ್ಕೆ ಬಡಿದ ಹಡಗಿನ ಸರಕನ್ನೆಲ್ಲ ದೋಚುತ್ತಿದ್ದರು, ನಾನು ಸುಂಕ ಬಿಟ್ಟು ಉಳಿದದ್ದು ಮುಟ್ಟುವುದಿಲ್ಲ ಎಂದು. ಕೃಷ್ಣದೇವರಾಯ ತನ್ನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದ ರಾಜನೀತಿಯ ಭಾಗದಲ್ಲಿ ಇನ್ನೂ ಬಿಚ್ಚಿ ಹೇಳುತ್ತಾನೆ: ರೇವುಗಳನ್ನು ಚೆನ್ನಾಗಿಡು, ಬಿರುಗಾಳಿಗೆ ಸಿಕ್ಕಿ ಬಂದ ಪರದೇಶಿ ನಾವಿಕರನ್ನು ನೋಡಿಕೋ, ಆನೆ-ಕುದುರೆ ತರುವ ದೂರದೇಶದ ವ್ಯಾಪಾರಿಗಳಿಗೆ ಊರು, ಮನೆ, ದರ್ಶನ, ಒಳ್ಳೆಯ ಲಾಭ ಕೊಡು, ಆಗ ಆ ಸರಕು ಶತ್ರುವಿನ ಕೈಗೆ ಹೋಗದು. ಕೊನೆಯ ಆ ಮಾತಿನಲ್ಲಿ ನಿಮ್ಮ ‘ಯಾಕೆ ಬಡಿದಾಡಿದರು’ ಎಂಬುದಕ್ಕೆ ಅರ್ಧ ಉತ್ತರವಿದೆ.

ರಾಜನ ಮಾತಿಗೂ ವ್ಯಾಪಾರಿಯ ಗಲ್ಲಾಪೆಟ್ಟಿಗೆಗೂ ನಡುವೆ ಬಂದರಿನ ಜನ ಇದ್ದರು. ದುಭಾಷಿಗಳು, ದಲಾಲರು, ನಾಣ್ಯ ನೋಡುವ ಚಿನಿವಾರರು, ಊರೂರಿನ ಸೆಟ್ಟಿಗಳು. ಬಂದರಿನ ಅಧಿಕಾರಿಗೆ ಹಿಂದೂ ಮಹಾಸಾಗರದ ಉದ್ದಕ್ಕೂ ‘ಶಾಬಂದರ್’ ಎನ್ನುತ್ತಿದ್ದರು. ಭಟ್ಕಳದಲ್ಲಿ ‘ಶಾಬಂದ್ರಿ’ ಇಂದಿಗೂ ಮನೆತನದ ಅಡ್ಡಹೆಸರು. ಇನ್ನೂ ಹಿಂದಕ್ಕೆ ಹೋದರೆ ಅಯ್ಯಾವೊಳೆ ಐನೂರ್ವರು, ನಮ್ಮ ಐಹೊಳೆಯ ಹೆಸರು ಹೊತ್ತ ವರ್ತಕ ಸಂಘ. ಅವರದೊಂದು ತಮಿಳು ಶಾಸನ 1088ರಷ್ಟು ಹಿಂದೆಯೇ ಸುಮಾತ್ರಾದ ಬಾರುಸ್‌ನಲ್ಲಿ ನಿಂತಿತ್ತು. ಮಲಪ್ರಭೆಯ ದಂಡೆಯ ಊರು, ಕಡಲಾಚೆಯ ಕರ್ಪೂರದ ಪೇಟೆ! ಒಳನಾಡಿನ ಊರಿಗೆ ಕಡಲು ದೂರವೆಂಬ ಭಾವನೆ ನಮ್ಮದು, ಅವರದಲ್ಲ.

ಬಡಿದಾಟದ ಇನ್ನರ್ಧ ಉತ್ತರ ರಾಯಚೂರಿನಲ್ಲಿದೆ. 1520ರ ರಾಯಚೂರು ಯುದ್ಧಕ್ಕೆ ಕೃಷ್ಣೆ, ತುಂಗಭದ್ರೆಯ ನಡುವಿನ ದೋಆಬಿನ ಹಳೆಯ ಹಗೆ ಇತ್ತು, ನಿಜ. ಆದರೆ ನ್ಯೂನಿಜ್ ಕೊಡುವ ನೆಪ ಕೇಳಿ. ಕೃಷ್ಣದೇವರಾಯ ಸೈಯದ್ ಮರಕ್ಕಾರ್ ಎಂಬವನ ಕೈಗೆ 40,000 ಪರ್ದಾವ್ ಕೊಟ್ಟು ಗೋವೆಯಲ್ಲಿ ಕುದುರೆ ಕೊಂಡು ಬಾ ಎಂದು ಕಳಿಸಿದ. ಅವನು ಗೋವೆಯ ಹತ್ತಿರದ ಪೋಂಡಾದವರೆಗೆ ಹೋಗಿ, ಅಲ್ಲಿಂದ ದುಡ್ಡಿನ ಸಮೇತ ಬಿಜಾಪುರದ ಆದಿಲ್ ಶಾಹನ ಕಡೆಗೆ ಓಡಿದ. ಮನುಷ್ಯನನ್ನೂ ಹಣವನ್ನೂ ಒಪ್ಪಿಸು ಎಂದು ರಾಯ ಕೇಳಿದ, ಆದಿಲ್ ಶಾಹ ಒಪ್ಪಿಸಲಿಲ್ಲ. ಸಾವಿರಕ್ಕೆ ಮೂರರ ಹಳೆಯ ದರದಲ್ಲಿ ಆ ಮೊತ್ತಕ್ಕೆ 120 ಕುದುರೆ. ಅಷ್ಟಕ್ಕೆ ಯಾರೂ ಕೋಟೆಗೆ ಲಗ್ಗೆ ಹಾಕುವುದಿಲ್ಲ, ಒಪ್ಪುತ್ತೇನೆ. ಆದರೆ ಬಂದರಿಗೆ ಕಳಿಸಿದ ಹಣ ದಾರಿಯಲ್ಲೇ ಶತ್ರುವಿನ ಪಾಲಾದರೆ ನಾಳೆ ಯಾವ ದಲಾಲ ರಾಯನ ಮಾತಿಗೆ ಸರಕು ಬಿಟ್ಟಾನು? ರಾಯಚೂರು ಕೋಟೆಯ ಮುಂದೆ ಪೋರ್ಚುಗೀಸ ಕೋವಿಯವರು ರಾಯನ ಪರ ನಿಂತರು. ಅವರ ನಾಯಕ ಫಿಗೇರೆದೊ ಅಲ್ಲಿಗೆ ಬಂದದ್ದೇ ಕುದುರೆ ಮಾರಲು.

ಗೋವೆ 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನ ಕೈಯಲ್ಲಿ ಬಹಮನಿಗೆ ಹೋಗಿತ್ತು, 1510ರಲ್ಲಿ ಪೋರ್ಚುಗೀಸರಿಗೆ. ಅಲ್ಲಿಂದ ಮುಂದೆ ಕಡಲಿನ ಬಾಗಿಲ ಕೀಲಿ ಅವರ ಸೊಂಟದಲ್ಲಿ. ಅವರೂ ವಿಜಯನಗರವೂ ಮಾಡಿಕೊಂಡ 1547ರ ಒಪ್ಪಂದ ಓದಿದರೆ ಯಾರು ಯಾರಿಗೆ ಏನು ಮಾರಬಾರದು ಎನ್ನುವುದೇ ಅದರ ಜೀವ. ಗೋವೆಗೆ ಬಂದ ಕುದುರೆ ವಿಜಯನಗರಕ್ಕೆ ಮಾತ್ರ, ಬಿಜಾಪುರಕ್ಕಿಲ್ಲ. ಬದಲಿಗೆ ವಿಜಯನಗರದ ಬಟ್ಟೆ ಆದಿಲ್ ಶಾಹಿ ರೇವುಗಳಿಗೆ ಹೋಗದೆ ಅಂಕೋಲೆ, ಹೊನ್ನಾವರದಲ್ಲೇ ಇಳಿಯಬೇಕು. ಈಚೆಗೆ ನಮ್ಮ ಬಳ್ಳಾರಿ ಅದಿರು ಹಡಗು ಹತ್ತಿದ ಬೇಲೆಕೇರಿಯೂ ಅಂಕೋಲೆಯ ಪಕ್ಕದ್ದೇ. ಘಟ್ಟ ಇಳಿಯುವ ದಾರಿಗಳು ಅಷ್ಟು ಬೇಗ ಹಾದಿ ಬದಲಿಸುವುದಿಲ್ಲ.

ಇನ್ನೊಂದು ಸಲ ಹಂಪಿಗೆ ಹೋದಾಗ ಹುಡುಗಿಯನ್ನು ಮಹಾನವಮಿ ದಿಬ್ಬದ ಬುಡಕ್ಕೂ ಕರೆದುಕೊಂಡು ಹೋಗಿ. ಅಲ್ಲಿನ ಕಲ್ಲುಪಟ್ಟಿಗಳಲ್ಲಿ ಕುದುರೆ ಹಿಡಿದು ನಿಂತವರನ್ನು ನೋಡಲಿ. ಟೋಪಿ, ಉಡುಪು ನಮ್ಮವರದಲ್ಲ. ಸಮುದ್ರ ಎಲ್ಲೈತಿ ಅಂದರೆ ಅವರನ್ನೇ ತೋರಿಸಿ.

ಆ ವ್ಯಾಪಾರ ಮುಗಿದದ್ದು ಹೇಗೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಬಾಲದ ಕಥೆಗೆ ಅದು ಜೋಡಿ. 1565ರ ರಕ್ಕಸತಂಗಡಗಿ ಯುದ್ಧದ ಎರಡು ವರ್ಷದ ಮೇಲೆ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್ ಹಂಪಿಗೆ ಬಂದ. ಒಂದು ತಿಂಗಳ ಕೆಲಸಕ್ಕೆ ಏಳು ತಿಂಗಳು ಸಿಕ್ಕಿಕೊಂಡ, ದಾರಿಯಲ್ಲಿ ಕಳ್ಳರ ಭಯ. ಪ್ರತಿ ಸಣ್ಣ ಪಾಳೆಯಗಾರನೂ ತನ್ನದೇ ನಾಣ್ಯ ಹಾಕಿಸುತ್ತಿದ್ದ, ಇವತ್ತು ಪಡೆದ ನಾಣ್ಯ ನಾಳೆ ನಡೆಯುತ್ತಿರಲಿಲ್ಲ. ಅವನು ಬರೆದ ಸಂಗತಿ ಇದು. ಯುದ್ಧದಲ್ಲಿ ಕಳೆದುಹೋದ ಕುದುರೆಗಳನ್ನು ಯಾರು ತಂದರೂ ಒಳ್ಳೆಯ ಬೆಲೆ ಕೊಡುತ್ತೇನೆಂದು ಆಗ ವಿಜಯನಗರ ಆಳುತ್ತಿದ್ದ ತಿರುಮಲರಾಯ ಗೋವೆಯ ವ್ಯಾಪಾರಿಗಳಿಗೆ ಹೇಳಿ ಕಳಿಸಿದ, ಒಬ್ಬೊಬ್ಬರಿಗೂ ಅಭಯಪತ್ರ ಕೊಟ್ಟ. ನಂಬಿ ತಂದರು. ಇನ್ನು ಬರುವ ಕುದುರೆ ಇಲ್ಲ ಎಂದು ಗೊತ್ತಾದ ಮೇಲೆ ಒಂದು ಕಾಸೂ ಕೊಡದೆ, ಹೊರಡಿ ಎಂದ. ಆ ವ್ಯಾಪಾರಿಗಳು ದುಃಖಕ್ಕೆ ಹುಚ್ಚು ಹಿಡಿದವರಂತಾದರು ಎನ್ನುತ್ತಾನೆ ಫ್ರೆಡರಿಕ್. ಕುದುರೆ ಹೋಯಿತು, ಹಣ ಬರಲಿಲ್ಲ, ಕೈಯಲ್ಲಿ ಉಳಿದದ್ದು ಆ ಪತ್ರ. ಹಾಗೇ ಘಟ್ಟ ಇಳಿದರು.